ಬೀಗರ ಎದುರು ಹದಿನಾಲ್ಕು ಗೆಲುವು

ಇಸ್ಪೀಟಿನ ಹೆಸರು ಹೇಳಿ ಅನ್ನ ತಿನ್ನುವವರಲ್ಲಿ ಎಲೆಯನ್ನೇ ಮುಟ್ಟದವರು ಯಾರಾದರೂ ಇದ್ದರೆ ಅವರು ಸಂಖ್ಯಾಶಾಸ್ತ್ರದ ಮಾಸ್ತರರು. ದಾಳಿ ಮಾಡಿ ಹಿಡಿಯುವ ಪೊಲೀಸರು ಕೂಡ ಪಂಚನಾಮೆಗೆಂದು ಎಲೆ ಎಣಿಸುತ್ತಾರೆ. ನಾನು ಅಷ್ಟನ್ನೂ ಮಾಡಿದವನಲ್ಲ. ಹುಮನಾಬಾದಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಕೂದಲು ಬೆಳ್ಳಗಾಗುವವರೆಗೆ "ಚೆನ್ನಾಗಿ ಕಲೆಸಿದ ಐವತ್ತೆರಡು ಎಲೆಗಳ ಕಟ್ಟಿನಿಂದ ಒಂದನ್ನು ತೆಗೆದರೆ ಅದು ರಾಜನಾಗಿರುವ ಸಂಭವನೀಯತೆ ಎಷ್ಟು" ಎಂದು ಕೇಳುತ್ತ ಬಂದಿದ್ದೇನೆ. ಆ ರಾಜನಿಗೆ ಮೀಸೆ ಇದೆಯೋ ಇಲ್ಲವೋ ಎಂದು ಯಾವನಾದರೂ ವಿದ್ಯಾರ್ಥಿ ತಿರುಗಿ ಕೇಳಿದ್ದರೆ ನನ್ನ ಬಾಯಿ ಕಟ್ಟಿಹೋಗುತ್ತಿತ್ತು. ನಮ್ಮ ತಾಯಿಯ ಕಾಲದಲ್ಲಿ ಮನೆಯೊಳಗೆ ಬರುವ ಎಲೆ ಎಂದರೆ ವೀಳ್ಯದ್ದು ಮಾತ್ರ. ಒಮ್ಮೆ ಪಾಠಕ್ಕೆ ಬೇಕೆಂದು ಒಂದು ಕಟ್ಟು ಇಸ್ಪೀಟು ಕೊಳ್ಳಲು ಮಾಣಿಕನಗರದ ಕಡೆಯ ಅಂಗಡಿಗೆ ಹೋಗಿದ್ದೆ. ಅಂಗಡಿಯಾತ "ಏನ್ ಕೊಡ್ಲ್ರಿ ಸರ್" ಎಂದು ಭಕ್ತಿಯಿಂದ ಕೇಳಿದಾಗ ಧೈರ್ಯ ಸಾಲದೆ ಒಂದು ಕಟ್ಟು ಊದಿನಕಡ್ಡಿ ತೆಗೆದುಕೊಂಡು ಬಂದೆ.

ನಸೀಬು ಎಂಬುದನ್ನು ನಾನು ನಂಬುವವನಲ್ಲ. ನಂಬುವವನಾಗಿರಲಿಲ್ಲ ಎನ್ನುವುದು ಹೆಚ್ಚು ಸರಿ. ಪ್ರತಿ ವರ್ಷ ತರಗತಿಯಲ್ಲಿ ಅದಕ್ಕೊಂದು ಪ್ರಯೋಗ ಮಾಡಿಸುತ್ತೇನೆ. ಎಲ್ಲರೂ ಎದ್ದು ನಿಂತು ಒಂದೊಂದು ನಾಣ್ಯ ಚಿಮ್ಮಬೇಕು. ತಲೆ ಬಿದ್ದವರು ನಿಂತಿರಬೇಕು, ಉಳಿದವರು ಕೂರಬೇಕು. ಒಂದೊಂದು ಸುತ್ತಿಗೂ ಅರ್ಧ ತರಗತಿ ಕೂತು ಕೂತು ಕೊನೆಗೆ ಒಬ್ಬರು ಉಳಿಯುತ್ತಾರೆ. ಸತತ ಆರು ಸಲ ತಲೆ ಬೀಳಿಸಿದ ಆ ಮಹಾನುಭಾವರಿಗೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆಗ ನಾನು ಕನ್ನಡಕ ಸರಿಪಡಿಸಿಕೊಂಡು, "ಇದರಾಗ ಇವರದು ಏನೂ ಇಲ್ಲ. ಇಷ್ಟು ಮಂದಿ ಚಿಮ್ಮಿದ್ರ ಯಾರಿಗರ ಒಬ್ಬರಿಗೆ ಹಿಂಗ ಆಗಬೇಕಾದ್ದ. ಆದವರಿಗೆ ಮಾತ್ರ ತಾವು ಏನೋ ಮಾಡೇವಿ ಅನಿಸ್ತದ" ಎಂದು ವಿವರಿಸುತ್ತೇನೆ. ಒಂದು ವರ್ಷ ಹೀಗೆ ಕೊನೆಯವರೆಗೆ ನಿಂತವಳು ದುಬಲಗುಂಡಿಯ ಒಬ್ಬ ಹುಡುಗಿ. ನನ್ನ ವಿವರಣೆ ಮುಗಿದ ಮೇಲೂ ಉಳಿದ ಹುಡುಗಿಯರು ಪರೀಕ್ಷೆ ಮುಗಿಯುವ ತನಕ ತಮ್ಮ ಹಾಲ್ ಟಿಕೆಟ್ಟನ್ನು ಆಕೆಯ ಕೈಯಿಂದ ಮುಟ್ಟಿಸಿಕೊಂಡೇ ಒಳಗೆ ಹೋಗುತ್ತಿದ್ದರು. ನಾನು ಅವರನ್ನು ನೋಡಿ ನಕ್ಕಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಮಗಳು ಅಶ್ವಿನಿ ಮನ್ನಾಏಖೇಳ್ಳಿಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಬಂದ ಸಂಬಂಧಗಳಿಗೆಲ್ಲ ಮೂಗು ಮುರಿಯುತ್ತಿದ್ದ ಹುಡುಗಿ, ಬಸವಕಲ್ಯಾಣದ ಸಂತೋಷ ಎಂಬ ಹುಡುಗ ನೋಡಿಕೊಂಡು ಹೋದ ಸಂಜೆ ಯಾರೂ ಹೇಳದೆ ಚಹಾದ ಕಪ್ಪುಗಳನ್ನೆಲ್ಲ ತೊಳೆದು, ತೊಳೆಯುತ್ತ ಏನನ್ನೋ ಗುನುಗಿದಳು. ನನ್ನ ಹೆಂಡತಿ ಸುವರ್ಣಾ ನನ್ನನ್ನು ಅಡುಗೆಮನೆಯ ಬಾಗಿಲಿಗೆ ಕರೆದು, "ಕೇಳಿಸ್ತೇನ್ರಿ? ಈ ಸಂಬಂಧ ತಪ್ಪಬಾರದು" ಎಂದಳು. ಹುಡುಗನ ತಂದೆ ಚನ್ನಬಸಪ್ಪ ಸಾವಕಾರರಿಗೆ ಬಸವಕಲ್ಯಾಣದಲ್ಲಿ ಪಂಪ್‌ಸೆಟ್ ಸಾಮಾನಿನ ಅಂಗಡಿ. ಒಳ್ಳೆಯ ಜನ. ಆದರೆ ನಮ್ಮ ಕಡೆ ಗಂಡಿನವರು ಬಂದು ಹುಡುಗಿಯ ಕೈಗೆ ಸಕ್ಕರೆ ಪೊಟ್ಟಣ ಇಟ್ಟು ಸಾಖರಪುಡಾ, ಎಂದರೆ ನಿಶ್ಚಿತಾರ್ಥ, ಮಾಡುವವರೆಗೆ ಯಾವ ಮಾತೂ ಗಟ್ಟಿಯಲ್ಲ. ಸಾವಕಾರರು "ದಿನಾ ತೆಗಿಸಿ ತಿಳಸ್ತೇವ್ರಿ" ಎಂದು ಹೇಳಿ ಹೋಗಿದ್ದರು. ಆ ದಿನ ಯಾವುದೆಂದು ತಿಳಿಯುವವರೆಗೆ ನಮ್ಮ ಮನೆಯಲ್ಲಿ ಫೋನು ಸದ್ದು ಮಾಡಿದರೆ ಮೂರು ಜನ ಓಡುತ್ತಿದ್ದೆವು.

ಅವರು ಬಂದ ದಿನವೇ ಒಂದು ಫಜೀತಿ ಆಗಿತ್ತು. ಹೆಂಗಸರು ಒಳಗೆ, ಹುಡುಗ ಹುಡುಗಿ ಮಹಡಿಯ ಮೇಲೆ, ನಾನೂ ಸಾವಕಾರರೂ ಪಡಸಾಲೆಯಲ್ಲಿ. ಮಳೆಯ ಮಾತಾಡಿದೆವು, ತೊಗರಿಯ ಮಾತಾಡಿದೆವು, ಹೆದ್ದಾರಿಯ ಲಾರಿಗಳ ಮಾತಾಡಿದೆವು. ಅಲ್ಲಿಗೆ ಇಬ್ಬರ ಸರಕೂ ಮುಗಿಯಿತು. ಆಮೇಲೆ ಅವರು ನಮ್ಮ ಫ್ಯಾನು ನೋಡುತ್ತ ಕೂತರು, ನಾನು ಅವರು ನೋಡುತ್ತಿರುವುದನ್ನು ನೋಡುತ್ತ ಕೂತೆ. ಕೆಳಗಿಳಿದು ಬಂದ ಸಂತೋಷ ಈ ಸ್ಥಿತಿ ಕಂಡು ಕನಿಕರಪಟ್ಟು, ಇಬ್ಬರ ಫೋನೂ ಇಸಿದುಕೊಂಡು ಪೋಕರ್ ಎಂಬ ಆಟ ಹಾಕಿಕೊಟ್ಟ. "ರೊಕ್ಕದ್ದು ಅಲ್ರಿ ಅಂಕಲ್, ಬರೇ ಸುಳ್ಳು ಚಿಪ್ಸ್. ನೀವಿಬ್ಬರೂ ಆಡಿಕೋತ ಇದ್ರ ಮಾತು ತಾನ ಬರ್ತದ" ಎಂದ. ಸಾವಕಾರರ ಮನೆಯಲ್ಲೂ ಇಸ್ಪೀಟಿಗೆ ಪ್ರವೇಶವಿರಲಿಲ್ಲವಂತೆ. ಅವರು ಒಂದು ಕ್ಷಣ ಯೋಚಿಸಿ, "ಫೋನಿನ್ಯಾಗಿಂದು ಎಲಿ ಅಲ್ಲ ಬಿಡ್ರಿ, ಚಿತ್ರ" ಎಂದು ತೀರ್ಪು ಕೊಟ್ಟರು. ನಾನೂ ಅದಕ್ಕೆ ಒಪ್ಪಿದೆ.

ಆಟ ತಿಳಿಯದವರಿಗೆ ಎರಡು ಮಾತು. ಒಬ್ಬೊಬ್ಬರಿಗೆ ಎರಡೆರಡು ಎಲೆ ಬರುತ್ತವೆ, ಅವು ಅವರವರಿಗೆ ಮಾತ್ರ ಕಾಣುತ್ತವೆ. ಆಮೇಲೆ ಇಬ್ಬರಿಗೂ ಸೇರಿ ಐದು ಎಲೆ ನಡುವೆ ಬೀಳುತ್ತವೆ. ಎಲ್ಲ ಕೂಡಿಸಿ ಯಾರ ಜೋಡಣೆ ದೊಡ್ಡದೋ ಅವರು ಗೆದ್ದರು. ನಡುವೆ ಚಿಪ್ಸು ಹಾಕುತ್ತ ಹೋಗಬೇಕು. ಧೈರ್ಯವಿಲ್ಲದವರು ಎಲೆ ಬಿಟ್ಟುಬಿಡಬಹುದು, ಆಗ ಎದುರಿನವರು ಏನನ್ನೂ ತೋರಿಸದೆ ಗೆಲ್ಲುತ್ತಾರೆ. ಬಿಟ್ಟವರ ಕೈಯಲ್ಲಿ ಏನಿತ್ತೆಂದು ಅವರಿಗೆ ಬಿಟ್ಟು ಇನ್ನಾರಿಗೂ ತಿಳಿಯುವುದಿಲ್ಲ. ಈ ಕೊನೆಯ ನಿಯಮವನ್ನು ನಾನು ಓದಿದ್ದೆ, ಓದಿ ಮುಂದಕ್ಕೆ ಹೋಗಿದ್ದೆ.

ಮಧ್ಯಾಹ್ನ ಮೂರರ ಹೊತ್ತಿಗೆ ನನ್ನ ತರಗತಿ ಮುಗಿದಿರುತ್ತದೆ, ಅವರ ಅಂಗಡಿಯೂ ತೂಕಡಿಸುತ್ತಿರುತ್ತದೆ. ಆ ಹೊತ್ತು ಗೊತ್ತಾಯಿತು. ಆಟ ಶುರುವಾಗುವ ಮುನ್ನಾದಿನ ಸುವರ್ಣಾ ರೊಟ್ಟಿ ಬಡಿಸುತ್ತ, "ಆಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಸೋಲ್ರಿ" ಎಂದಳು.

"ಸುಳ್ಳು ಚಿಪ್ಸು ಮಾರಾಯ್ತಿ. ಸೋತ್ರೇನು, ಗೆದ್ರೇನು?"

"ಚಿಪ್ಸು ಸುಳ್ಳು ಇರಬೋದು, ಗಂಡಿನವರು ಖರೇ ಅದಾರ. ನಮ್ಮ ಲಗ್ನದ ಮಾತಿಗೆ ನಿಮ್ಮಪ್ಪ ನಮ್ಮನಿಗೆ ಬಂದಾಗ ನಮ್ಮಪ್ಪ ಚೌಕಾಬಾರದಾಗ ಬೇಕಂತ ಸೋತಿದ್ದ. ನಿಮಗ ಗೊತ್ತಿಲ್ಲೇನು?"

ನನಗೆ ಗೊತ್ತಿರಲಿಲ್ಲ. ನಮ್ಮ ತಂದೆಯವರು ಕೊನೆಯವರೆಗೂ ಹೋದಲ್ಲಿ ಬಂದಲ್ಲಿ ಹೇಳಿಕೊಳ್ಳುತ್ತಿದ್ದ ಒಂದೇ ಒಂದು ಪರಾಕ್ರಮವೆಂದರೆ ಬೀಗರ ಪಡಸಾಲೆಯಲ್ಲಿ ಕೂತು ಬೀಗರ ನಾಲ್ಕೂ ಕಾಯಿ ಹೊಡೆದದ್ದು. ನನಗೆ ಅವರ ಮೇಲೆ ತುಂಬ ಕನಿಕರ ಬಂತು. ಸುವರ್ಣಾ ಇನ್ನೊಂದು ರೊಟ್ಟಿ ಹಾಕಿದಳು.

ಸೋಲುವುದು ಹೇಗೆ ಎಂದು ಕಾಲೇಜಿನಲ್ಲಿ ರಜಾಕ್ ಸಾಹೇಬರನ್ನು ಕೇಳಿದೆ. ಅವರು ಉರ್ದು ಪಾಠ ಮಾಡುವವರು, ಎದುರಿನವರಿಗೆ ಮೊದಲು ಕುರ್ಚಿ ಬಿಡುವ ವಿಷಯದಲ್ಲಿ ನಮ್ಮ ಕಾಲೇಜಿಗೇ ಪ್ರಮಾಣ. ಪ್ರತಿ ಸಲ ಎಲೆ ಬಿಟ್ಟುಬಿಟ್ಟರೆ ಸಾಕಲ್ಲ ಎಂದೆ. ಅವರು ಎರಡೂ ಕಿವಿ ಮುಟ್ಟಿಕೊಂಡರು. "ತೋಬಾ, ತೋಬಾ. ಊಟಕ್ಕ ಕರದ ಮನಿಯಾಗ ತಾಟ ಮುಟ್ಟದ ಎದ್ದಂಗ ಆಗ್ತದ ಸರ್. ಸೋಲಬೇಕಂದ್ರ ತಹಜೀಬಿನಿಂದ, ಮರ್ಯಾದಿಯಿಂದ ಸೋಲಬೇಕು. ನೀವು ಎಲಿ ನೋಡಲೇ ಬ್ಯಾಡ್ರಿ. ಇದ್ದಬದ್ದ ಚಿಪ್ಸೆಲ್ಲಾ ಖುಷೀಲೆ ಮುಂದ ಹಾಕಿಬಿಡ್ರಿ. ದಿಲ್‌ದಾರ್ ಮನುಷ್ಯಾ ಅಂತಾರ, ಸೋಲೂದೂ ಆಗ್ತದ."

ಶಾಸ್ತ್ರದ ಪ್ರಕಾರವೂ ಇದು ಸರಿಯಾಗಿತ್ತು. ಎಲೆ ನೋಡದೆ ಆಡಿದರೆ ಗೆಲುವು ಅರ್ಧ, ಸೋಲು ಅರ್ಧ, ನಾಣ್ಯ ಚಿಮ್ಮಿದ ಹಾಗೆಯೇ. ಎರಡು ಮೂರು ಆಟದೊಳಗೆ ಎಲ್ಲ ಚಿಪ್ಸೂ ಸಾವಕಾರರ ಪಾಲಾಗಿ, ಅವರು ನಕ್ಕು, ನಾಲ್ಕನೆಯ ದಿನಕ್ಕೆ ಸಕ್ಕರೆ ಪೊಟ್ಟಣ ನಮ್ಮ ಮನೆಗೆ ಬರಬೇಕು. ಹೀಗೆ ಲೆಕ್ಕ ಹಾಕಿ, ಸ್ಟಾಫ್ ರೂಮಿನ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ನನ್ನ ಎಲೆಗಳು ಕಾಣದಂತೆ ಫೋನಿನ ಮೂಲೆಯ ಮೇಲೆ ಹೆಬ್ಬೆರಳು ಅಡ್ಡ ಇಟ್ಟುಕೊಂಡು, ಎಲ್ಲವನ್ನೂ ಹಾಕುವ ಗುಂಡಿ ಒತ್ತಿದೆ. ಸಾವಕಾರರು ಎಲೆ ಬಿಟ್ಟರು. ನಾನು ಗೆದ್ದಿದ್ದೆ. ಹೆಬ್ಬೆರಳು ತೆಗೆದು ನೋಡಿದರೆ ನನ್ನ ಕೈಯಲ್ಲಿದ್ದದ್ದು ಒಂದು ಏಳು, ಒಂದು ಎರಡು, ಇಡೀ ಆಟದಲ್ಲಿ ಅದಕ್ಕಿಂತ ದರಿದ್ರವಾದ ಜೋಡಿ ಇಲ್ಲ.

ಎರಡನೆಯ ಆಟದಲ್ಲೂ ಬಿಟ್ಟರು. ಮೂರನೆಯದರಲ್ಲಿ ಕೊನೆಯ ತನಕ ಬಂದರು. ಸದ್ಯ, ಸೋತೆ ಎಂದು ಸಮಾಧಾನದಿಂದ ಬೆರಳು ತೆಗೆದರೆ ನಡುವೆ ಬಿದ್ದ ಎಲೆಗಳೆಲ್ಲ ನನ್ನ ಕಡೆಯ ನೆಂಟರೇ ಆಗಿದ್ದವು. ಅವರ ಕೈಯಲ್ಲಿ ಏನೂ ಇರಲಿಲ್ಲ. "ಭಾಳ ಚಲೋ ಆಡ್ತೀರಿ ಮಾಸ್ತರ್ರ" ಎಂದು ಪರದೆಯ ಮೇಲೆ ಬರೆದು ಕೈಮುಗಿದ ಚಿತ್ರ ಹಾಕಿದರು. ಮರುದಿನವೂ ಅದೇ ಕತೆ. ಆಟಕ್ಕೆ ಬಿಟ್ಟಿ ಚಿಪ್ಸು ತುಂಬಿಕೊಂಡು ಬರುವುದು, ನಾನು ಕುರುಡನಂತೆ ಎಲ್ಲವನ್ನೂ ಹಾಕುವುದು, ಅವರು ಬಿಡುವುದು, ಎಲ್ಲೋ ಒಮ್ಮೆ ಕೊನೆಯ ತನಕ ಬಂದು ಹರಕು ಎಲೆ ತೋರಿಸಿ ಸೋಲುವುದು. ಸಂಜೆ ಮನೆಯ ಮೆಟ್ಟಿಲು ಹತ್ತುವಾಗಲೇ ಒಳಗಿಂದ ಪ್ರಶ್ನೆ ಬರುತ್ತಿತ್ತು: "ಸೋತ್ರೇನು?"

"ಇವತ್ತೂ ಆಗಲಿಲ್ಲ" ಎನ್ನುತ್ತಿದ್ದೆ. "ಒಂದು ಕೆಲಸ ಹೇಳಿದ್ರ ಅದೂ ಆಗಂಗಿಲ್ಲ" ಎಂದು ಅವಳು ಒಳಗೆ ಹೋಗುತ್ತಿದ್ದಳು.

ಹತ್ತು ಆಟ ಸತತ ಗೆದ್ದಾಗ ನನ್ನೊಳಗಿನ ಮಾಸ್ತರ ಕದಲಿದ. ಹತ್ತು ಅರ್ಧಗಳನ್ನು ಒಂದಕ್ಕೊಂದು ಗುಣಿಸಿದರೆ ಸಾವಿರದ ಇಪ್ಪತ್ತನಾಲ್ಕರಲ್ಲಿ ಒಂದು. ಹದಿನಾಲ್ಕು ಗೆದ್ದಾಗ ಹದಿನಾರು ಸಾವಿರದ ಮುನ್ನೂರ ಎಂಬತ್ತನಾಲ್ಕರಲ್ಲಿ ಒಂದು. ಹದಿನಾರು ಸಾವಿರ ಜನರನ್ನು ಒಂದು ಮೈದಾನದಲ್ಲಿ ನಿಲ್ಲಿಸಿ ನಾಣ್ಯ ಚಿಮ್ಮಿಸಿದರೆ ಕೊನೆಗೆ ಉಳಿಯುವ ಆ ಒಬ್ಬ ನಾನು. ಇದನ್ನು ಬೋರ್ಡಿನ ಮೇಲೆ ಹೆಸರು ಹೇಳದೆ ಬರೆದು ವಿವರಿಸಿದೆ. ರಜಾಕ್ ಸಾಹೇಬರಿಗೆ ಹೆಸರು ಹೇಳಿಯೇ ವಿವರಿಸಿದೆ. ಅವರು, "ಮಾಶಾ ಅಲ್ಲಾ. ಆದ್ರ ನಸೀಬಿನ ಲೆಕ್ಕ ಭಾಳ ಹಾಕಬ್ಯಾಡ್ರಿ ಸರ್, ನಾಚಿಕೊಂಡು ಓಡಿ ಹೋಗ್ತದ" ಎಂದರು. ನಾನು ನಕ್ಕೆ. ನಕ್ಕವನು ಮರುದಿನವೂ ಗೆದ್ದಾಗ ತೊಟ್ಟಿದ್ದ ಅದೇ ನೀಲಿ ಅಂಗಿ ಹಾಕಿಕೊಂಡು ಹೋದೆ. ಅದೇ ಕುರ್ಚಿಯಲ್ಲಿ ಭೂಗೋಳದ ಮೇಡಂ ಕೂತಿದ್ದಾಗ ಅವರಿಗೆ ಪ್ರಿನ್ಸಿಪಾಲರು ಕರೆಯುತ್ತಿದ್ದಾರೆ ಎಂದು ಸುಳ್ಳು ಹೇಳಿ ಎಬ್ಬಿಸಿದೆ. ಅಂಗಿಯನ್ನು ತೊಳೆಯಲು ಹಾಕಿರೆಂದು ಸುವರ್ಣಾ ಅಂದರೆ ನಾಳೆ ಹಾಕುತ್ತೇನೆ ಎನ್ನುತ್ತಿದ್ದೆ. ಹಾಲ್ ಟಿಕೆಟ್ ಮುಟ್ಟಿಸಿಕೊಂಡ ಹುಡುಗಿಯರು ನನ್ನನ್ನು ಕಂಡಿದ್ದರೆ ಪಾಸು ಮಾಡುತ್ತಿದ್ದರು.

ಹದಿನಾಲ್ಕನೆಯ ಗೆಲುವಿನ ಮರುದಿನ ಸಾವಕಾರರು ಆಟಕ್ಕೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾನು ಖಾಲಿ ಮೇಜಿನ ಎದುರು ಹೆಬ್ಬೆರಳು ಅಡ್ಡ ಇಟ್ಟುಕೊಂಡು ಕೂತಿದ್ದೆ. ದಿನ ತೆಗೆಸುತ್ತೇವೆ ಎಂದವರಿಂದ ಫೋನೂ ಇಲ್ಲ. ಮನೆಯಲ್ಲಿ ಸುವರ್ಣಾ ಮಾತು ಬಿಟ್ಟಳು, ಅದು ನನಗೆ ಅಭ್ಯಾಸವಿತ್ತು. ಅಭ್ಯಾಸವಿಲ್ಲದ್ದು ಅಶ್ವಿನಿಯ ಮುಖ. ಬೆಳಿಗ್ಗೆ ಬಸ್ಸಿಗೆ ಹೊರಟವಳು ಚಪ್ಪಲಿ ಮೆಟ್ಟುತ್ತ, ಸಿಟ್ಟೇನೂ ಇಲ್ಲದೆ, "ಪಪ್ಪಾ, ನಿನಗ ಸೋಲಾಕೂ ಬರ್ಲಿಲ್ಲಲ್ಲ" ಎಂದಷ್ಟೇ ಅಂದು ಹೋದಳು. ಹದಿನಾರು ಸಾವಿರದಲ್ಲಿ ಒಬ್ಬನಾಗಿ ನಾನು ಸಾಧಿಸಿದ್ದು ಇದೇ ಎನಿಸಿತು.

ಆವತ್ತೇ ರಜೆ ಹಾಕಿ ಬಸವಕಲ್ಯಾಣದ ಬಸ್ಸು ಹತ್ತಿದೆ. ನನಗಿದ್ದ ಭಯ ಒಂದೇ. ಸಂಖ್ಯಾಶಾಸ್ತ್ರದ ಮಾಸ್ತರ, ಏನೋ ಮಸಲತ್ತು ಮಾಡಿ ಗೆಲ್ಲುತ್ತಾನೆ ಎಂದು ಅವರಿಗೆ ಸಂಶಯ ಬಂದಿರಬೇಕು. ಮೋಸಗಾರನ ಮನೆಯಿಂದ ಯಾರು ಹೆಣ್ಣು ತರುತ್ತಾರೆ? ಅದಕ್ಕೇ ಬಸ್ಸಿನಲ್ಲಿ ಕೂತು ಒಂದು ಸಣ್ಣ ಉಪನ್ಯಾಸ ತಯಾರು ಮಾಡಿಕೊಂಡೆ: ಅಪರೂಪದ ಘಟನೆ ಎಂದರೆ ಅಸಾಧ್ಯದ ಘಟನೆ ಅಲ್ಲ, ಲೋಕದಲ್ಲಿ ಲಕ್ಷಾಂತರ ಜನ ಆಡುವಾಗ ಯಾರಿಗಾದರೂ ಹೀಗಾಗಲೇಬೇಕು, ದುರದೃಷ್ಟವಶಾತ್ ಅದು ನನಗೆ ಆಗಿದೆ. ದಾರಿಯ ರಾಜೇಶ್ವರ ಊರು ದಾಟುವ ಹೊತ್ತಿಗೆ ಉದಾಹರಣೆಗಳೂ ಸಿದ್ಧವಾದವು. ಪಕ್ಕದಲ್ಲಿ ಕೂತ ಅಜ್ಜಿ ನನ್ನ ತುಟಿ ಆಡುವುದನ್ನು ನೋಡಿ ಜಪ ಮಾಡುತ್ತಿದ್ದೇನೆಂದು ತಿಳಿದು ಕಿಟಕಿಯ ಸೀಟು ಬಿಟ್ಟುಕೊಟ್ಟಳು.

ಅಂಗಡಿಯಲ್ಲಿ ಸಾವಕಾರರು ಒಬ್ಬರೇ ಇದ್ದರು. ನನ್ನನ್ನು ಕಂಡವರೇ ಎದ್ದು ನಿಂತರು, ಮುಖ ಬಾಡಿತ್ತು. ಚಹಾ ತರಿಸಿದರು. ನಾನು ಗಂಟಲು ಸರಿಮಾಡಿಕೊಂಡು, "ಸಾವಕಾರ್ರ, ಸಂಭವನೀಯತೆ ಅಂದ್ರ..." ಎಂದು ಶುರು ಮಾಡುವಷ್ಟರಲ್ಲಿ ಅವರು ನನ್ನ ಕೈ ಹಿಡಿದುಕೊಂಡರು.

"ಮಾಸ್ತರ್ರ, ಮೊದಲು ನಂದು ಕೇಳ್ರಿ. ಆಟ ನಡುವ ಬಿಟ್ಟು ಬಿಟ್ಟೆ, ತಪ್ಪಾತು. ಸಿಟ್ಟಾಗಬ್ಯಾಡ್ರಿ. ನಮ್ಮಾಕಿ ಮೊದಲ ದಿನಾನ ಹೇಳ್ಯಾಳ, ಹೆಣ್ಣು ಕೊಡೋ ಮನಿಯವ್ರು, ಅವರ ಮುಂದ ಗೆಲ್ಲಬ್ಯಾಡ್ರಿ ಅಂತ. ಹಂಗಾಗಿ ಚಲೋ ಎಲಿ ಬಂದಾಗೆಲ್ಲಾ ಬಿಟ್ಟೇನಿ. ಎಲ್ಲಾನೂ ಬಿಟ್ಟರ ನಿಮಗ ಗೊತ್ತಾಗ್ತದ ಅಂತ, ಪೂರಾ ಹಾಳು ಎಲಿ ಬಂದಾಗಷ್ಟೇ ಕಡೀ ತನಕ ಬಂದು ಸೋತೇನಿ. ಇಷ್ಟು ದಿನಾ ಬರೋಬ್ಬರಿ ನಡೀತು." ಅವರು ಚಹಾದ ಬಟ್ಟಲು ಕೆಳಗಿಟ್ಟರು. "ಮೊನ್ನಿ ಎರಡು ಎಕ್ಕಾ ಬಂದ್ವು. ಬಿಟ್ಟೆ. ಮುಂದಿನ ಆಟಕ್ಕ ಮತ್ತ ಎರಡು ಎಕ್ಕಾ. ಅವನ್ನೂ ಬಿಟ್ಟೆ, ಖರೇ. ಆದ್ರ ಆಮ್ಯಾಲ ಫೋನ್ ಮುಟ್ಟಾಕ ಮನಸ್ಸಾಗವಲ್ದು. ಊಟಾನೂ ರುಚಿ ಹತ್ತವಲ್ದು."

ತಲೆ ತನ್ನಷ್ಟಕ್ಕೆ ಲೆಕ್ಕ ಹಾಕುತ್ತಿತ್ತು. ಇಡೀ ಆಟದಲ್ಲೇ ಎಲ್ಲಕ್ಕಿಂತ ದೊಡ್ಡದಾದ ಜೋಡಿ ಎಕ್ಕಾ ಬರುವುದು ಇನ್ನೂರ ಇಪ್ಪತ್ತೊಂದರಲ್ಲಿ ಒಮ್ಮೆ. ಬೆನ್ನು ಬೆನ್ನಿಗೆ ಎರಡು ಸಲ ಬರಬೇಕೆಂದರೆ ಸುಮಾರು ನಲವತ್ತೊಂಬತ್ತು ಸಾವಿರದಲ್ಲಿ ಒಮ್ಮೆ. ಮೈದಾನದಲ್ಲಿ ಕೊನೆಗೆ ಉಳಿದವನು ನಾನಾಗಿರಲೇ ಇಲ್ಲ, ಇವರು. ನನ್ನ ಹದಿನಾಲ್ಕು ಗೆಲುವಿನಲ್ಲಿ ಅಪರೂಪದ್ದು ಏನೂ ಇರಲಿಲ್ಲ. ಎದುರಿನವನು ಸೋಲಲೇಬೇಕೆಂದು ಕೂತಾಗ ನಾನು ಗೆಲ್ಲದೆ ಇನ್ನೇನಾಗಬೇಕು? ಅವರು ತೋರಿಸಿದ ಹರಕು ಎಲೆಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದು, ಅವರು ಮುಚ್ಚಿ ಬಿಟ್ಟ ಎಲೆಗಳ ಬಗ್ಗೆ ಒಂದು ಸಲವೂ ಯೋಚಿಸಿರಲಿಲ್ಲ. ಮೊದಲ ವರ್ಷದ ಹುಡುಗ ಈ ತಪ್ಪು ಮಾಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಆದರೆ ಆ ಹೊತ್ತಿಗೆ ನನಗೆ ನಾಚಿಕೆಗಿಂತ ಹೆಚ್ಚಾಗಿ ಸಂತೋಷವೇ ಆಯಿತು, ಕಣ್ಣು ಹನಿಗೂಡಿದವು. ಜೀವಮಾನದಲ್ಲಿ ಮತ್ತೊಮ್ಮೆ ಬಾರದ ಎಲೆಗಳನ್ನು ಒಬ್ಬ ಮನುಷ್ಯ ನನ್ನ ಮಗಳ ತವರುಮನೆಯ ಮರ್ಯಾದೆಗೆಂದು ಸದ್ದಿಲ್ಲದೆ ಬಿಟ್ಟಿದ್ದ. ಅಶ್ವಿನಿ ಈ ಮನೆಯಲ್ಲಿ ಸುಖವಾಗಿರುತ್ತಾಳೆ ಎಂದು ನನಗೆ ಆಗಲೇ ಗೊತ್ತಾಯಿತು.

"ಸಾವಕಾರ್ರ, ನಾನೂ ಸೋಲಾಕಂತನ ಆಡೇನ್ರಿ. ಎಲಿ ಸೈತ ನೋಡಿಲ್ಲ" ಎಂದೆ.

ಅವರು ಬಾಡಿದ ಮುಖದಲ್ಲೇ ನಕ್ಕರು. "ಬಿಡ್ರಿ ಮಾಸ್ತರ್ರ, ದೊಡ್ಡವರ ಮಾತು ಹಿಂಗ ಇರ್ತದ. ಸೋಲೋ ಮನುಷ್ಯಾ ಇದ್ದದ್ದೆಲ್ಲಾ ಮುಂದ ಹಾಕ್ತಾನೇನು? ನೀವು ಹಾಕಿದಾಗೊಮ್ಮೆ ನನ್ನ ಎದಿ ಧಸಕ್ ಅಂತಿತ್ತು." ನಾನು ಹೆಬ್ಬೆರಳಿನ ಕತೆಯನ್ನೂ ಹೇಳಿದೆ. ಅದನ್ನೂ ನನ್ನ ವಿನಯದ ಖಾತೆಗೆ ಹಾಕಿಕೊಂಡರು. ದಿನ ತೆಗೆಸಿ ಆಗಲೇ ಇಟ್ಟಿದ್ದರಂತೆ, ಆಟ ಬಿಟ್ಟದ್ದಕ್ಕೆ ನನಗೆ ಸಿಟ್ಟು ಬಂದಿರಬಹುದೆಂದು ಅಂಜಿ ಫೋನು ಮಾಡಿರಲಿಲ್ಲ. ಬರುವ ಗುರುವಾರ ಎಂದಾಯಿತು. ಅಲ್ಲಿಂದಲೇ ಅಶ್ವಿನಿಗೆ ಫೋನು ಮಾಡಿದೆ. ಆ ಕಡೆ ಶಾಲೆಯ ಮಕ್ಕಳ ಗದ್ದಲ ಕೇಳುತ್ತಿತ್ತು. ವಿಷಯ ತಿಳಿಸಿದಾಗ "ಹೂಂ ಪಪ್ಪಾ" ಎಂದಳು. ಹೊರಡುವಾಗ ಸಾವಕಾರರು ಅಂಗಡಿಯ ಮೆಟ್ಟಿಲವರೆಗೆ ಬಂದು, ಸ್ವಲ್ಪ ಸಂಕೋಚದಿಂದ, "ಬೀಗರ, ಇನ್ನ ಮುಂದ ಖರೇ ಆಟ ಆಡೂಣೇನ್ರಿ?" ಎಂದು ಕೇಳಿದರು. ಆಡೋಣ ಎಂದೆ.

ಸಕ್ಕರೆ ಪೊಟ್ಟಣ ಬಂದು, ಹಂಚಿ, ತಿಂದೂ ಆಯಿತು. ಈಗ ಮಧ್ಯಾಹ್ನ ಮೂರಕ್ಕೆ ಖರೇ ಆಟ ನಡೆಯುತ್ತದೆ. ಹೆಬ್ಬೆರಳು ಅಡ್ಡವಿಲ್ಲ. ಪ್ರತಿ ಎಲೆಯನ್ನೂ ನೋಡುತ್ತೇನೆ, ಸಂಭವನೀಯತೆ ಲೆಕ್ಕ ಹಾಕುತ್ತೇನೆ, ಗೆಲ್ಲಲೇಬೇಕೆಂದು ಹಲ್ಲು ಕಚ್ಚಿ ಆಡುತ್ತೇನೆ. ಬೀಗರು ಲೆಕ್ಕಪಕ್ಕ ಏನೂ ಇಲ್ಲದೆ, ಗಿರಾಕಿಗೆ ಪಂಪಿನ ಬೆಲ್ಟ್ ಕತ್ತರಿಸಿ ಕೊಡುತ್ತಲೇ ನನ್ನನ್ನು ಗುಡಿಸಿ ಹಾಕುತ್ತಾರೆ. ಇದುವರೆಗೆ ಒಂದು ದಿನವೂ ಚಿಪ್ಸು ಉಳಿಸಿಕೊಂಡು ಎದ್ದಿಲ್ಲ. ಇಷ್ಟು ಸತತವಾಗಿ ಸೋಲುವ ಸಂಭವನೀಯತೆ ಎಷ್ಟೆಂದು 'ಲೆಕ್ಕ ಹಾಕ್ರಿ ಸರ್' ಎಂದು ರಜಾಕ್ ಸಾಹೇಬರು ಕಾಡುತ್ತಾರೆ. ನಾನು ಹಾಕಿಲ್ಲ, ಉತ್ತರದಲ್ಲಿ ನಸೀಬಿನ ಪಾಲು ಏನೂ ಉಳಿಯಲಿಕ್ಕಿಲ್ಲ ಎಂಬ ಭಯ. ಸಂಜೆ ಮೆಟ್ಟಿಲು ಹತ್ತುವಾಗ ಒಳಗಿಂದ ಮಾಮೂಲಿ ಪ್ರಶ್ನೆ ಬರುತ್ತದೆ. "ಸೋತೆ" ಎನ್ನುತ್ತೇನೆ. ಸುವರ್ಣಾಳ ಮುಖ ಅರಳುತ್ತದೆ. "ನಮ್ಮನಿಯವ್ರು ಬೀಗರ ಮರ್ಯಾದಿ ಹ್ಯಾಂಗ ಕಾಯಾಕತ್ತಾರ ನೋಡ್ರಿ, ಒಂದು ದಿನಾನೂ ಗೆದ್ದಿಲ್ಲ" ಎಂದು ಓಣಿಯವರಿಗೆಲ್ಲ ಹೇಳಿದ್ದಾಳೆ. ಊಟಕ್ಕೆ ಕೂತಾಗ ಬಿಸಿ ಅನ್ನದ ಮೇಲೆ ಒಂದು ಚಮಚ ತುಪ್ಪ ಹೆಚ್ಚಿಗೆ ಹಾಕಿ, "ಕಡೀಗೂ ಕಲ್ತ್ರಿ" ಎನ್ನುತ್ತಾಳೆ. ನಾನು ತಲೆ ತಗ್ಗಿಸಿ ತುಪ್ಪ ಕಲೆಸಿಕೊಂಡು ಉಣ್ಣುತ್ತೇನೆ.